ಪಕ್ಕದ ಮುಸ್ಲಿಂ ಮನೆಯಲ್ಲಿ ಸಾವಾದಾಗ ನೆರೆಯವರು ಮಾಡಬೇಕಾದ್ದು

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಎಷ್ಟೋ ಬೀದಿಗಳಲ್ಲಿ ಹಿಂದೂ, ಮುಸ್ಲಿಂ ಮನೆಗಳಿಗೆ ನಡುಗೋಡೆ ಒಂದೇ. ಮದುವೆ, ಹಬ್ಬಕ್ಕೆ ಹೋಗಿಬರುವುದು ರೂಢಿ. ಸಾವಿನ ಮನೆ ಅಂದಾಗ ಮಾತ್ರ ಜನ ಹಿಂದೇಟು ಹಾಕುತ್ತಾರೆ. ಒಳಗೆ ಹೋಗಬಹುದಾ, ಹಾರ ಹಾಕಬಹುದಾ, ಎಲ್ಲಿ ನಿಲ್ಲಬೇಕು ಎಂಬ ಅಳುಕು. ಸಂಜೆ ನೋಡೋಣ ಅಂದುಕೊಂಡು ಹೋಗುವಷ್ಟರಲ್ಲಿ ಮಣ್ಣಾಗಿರುತ್ತದೆ.

ಮೊದಲು ಸಮಯ. ಮುಸ್ಲಿಮರಲ್ಲಿ ಹೆಣವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಬೆಳಗ್ಗೆ ತೀರಿಕೊಂಡರೆ ಮಧ್ಯಾಹ್ನದ ಜೊಹರ್ ಅಥವಾ ಸಂಜೆಯ ಅಸರ್ ನಮಾಜಿನ ಬಳಿಕ ಮಣ್ಣು ಮಾಡುವುದೇ ಹೆಚ್ಚು. ಜನಾಜಾ (ಅಂತಿಮಯಾತ್ರೆ) ಎಷ್ಟು ಹೊತ್ತಿಗೆ ಎಂದು ಮಸೀದಿ ಮೈಕಿನಲ್ಲಿ ಹೇಳುತ್ತಾರೆ, ಇಲ್ಲವೇ ಮನೆಯ ಹುಡುಗರನ್ನು ಕೇಳಿ. ಸುದ್ದಿ ತಿಳಿದ ಒಂದು ಗಂಟೆಯೊಳಗೆ ಹೋಗಿ. ಆಗ ಬೇಕಾಗುವುದು ಸಮಾಧಾನದ ಮಾತಿಗಿಂತ ಕೈಕಾಲು: ಶಾಮಿಯಾನ, ಕುರ್ಚಿ, ನೀರಿನ ಕ್ಯಾನು, ಬೆಂಗಳೂರಿನಿಂದ ಬರುವ ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಲು ಒಂದು ಬೈಕು. ಹೆಣಕ್ಕೆ ಸ್ನಾನ ಮಾಡಿಸುವ ನೀರಿಗೆ ಎಲಚಿ ಸೊಪ್ಪು, ಕೊನೆಯ ನೀರಿಗೆ ಕರ್ಪೂರ ಹಾಕುವುದುಂಟು. ಎಲಚಿ ಗಿಡ ಎಲ್ಲಿದೆ ಅನ್ನುವುದು ಬೀದಿಯ ಹಿರಿಯರಿಗೆ ಗೊತ್ತಿರುತ್ತದೆ. ಒಂದು ಹಿಡಿ ತಂದುಕೊಟ್ಟರೆ ಅದು ದೊಡ್ಡ ಉಪಕಾರ. ಸ್ನಾನವನ್ನು ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಮಾಡಿಸುತ್ತಾರೆ, ಅಲ್ಲಿ ನೀವು ನಿಲ್ಲಬೇಡಿ. ಆಮೇಲೆ ಹೊಲಿಗೆಯಿಲ್ಲದ ಬಿಳಿ ಬಟ್ಟೆಯ ಕಫನ್: ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು.

ತೀರಿಕೊಂಡವರು ಗಂಡಸಾದರೆ ಮುಖ ನೋಡಲು ಯಾರಿಗೂ ಅಡ್ಡಿ ಇರುವುದಿಲ್ಲ. ಹೆಂಗಸಾದರೆ ಹತ್ತಿರದ ರಕ್ತಸಂಬಂಧದ ಗಂಡಸರಿಗೆ ಮಾತ್ರ ತೋರಿಸುತ್ತಾರೆ. ನಿಮ್ಮ ಮನೆಯ ಹೆಂಗಸರು ಒಳಗೆ ಹೋಗಿ ನೋಡಲಿ, ನೀವು ಹೊರಗೆ ಕೂತಿರಿ. ಇಪ್ಪತ್ತು ವರ್ಷದಿಂದ ಅಕ್ಕಾ ಅಕ್ಕಾ ಎಂದು ಮಾತಾಡಿಸಿದವರಿಗೆ ಇದು ಕಷ್ಟವೇ, ಆದರೆ ಒತ್ತಾಯ ಮಾಡಬೇಡಿ.

ಎಡವಟ್ಟಾಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಮುರುಗಮಲ್ಲದ ದರ್ಗಾಕ್ಕೆ ಹೂವು ಒಯ್ದು ರೂಢಿಯಿರುವವರು ಇಲ್ಲಿಗೂ ಹಾರ ತರುತ್ತಾರೆ. ಕೆಲವು ಮನೆಗಳಲ್ಲಿ ಹೂವು ನಡೆಯುತ್ತದೆ, ಕೆಲವರು ಬೇಡವೆನ್ನುತ್ತಾರೆ. ತಂದಿದ್ದರೆ ನೀವೇ ಹಾಕದೆ ಮನೆಯ ಹಿರಿಯರ ಕೈಗೆ ಕೊಡಿ. ತಲೆಯ ಬಳಿ ದೀಪ, ಕಾಲಿಗೆ ನಮಸ್ಕಾರ, ಬಾಯಿಗೆ ಅಕ್ಕಿ, ಯಾವುದೂ ಬೇಡ. ತಮಟೆ, ಪಟಾಕಿಯಂತೂ ಬೇಡವೇ ಬೇಡ. ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಏನು ಹೇಳಬೇಕೆಂದು ತಿಳಿಯದಿದ್ದರೆ ಮಗನ ಕೈ ಹಿಡಿದು ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು. ಅರ್ಧಂಬರ್ಧ ಅರಬಿ ಹೇಳಲು ಹೋಗುವುದಕ್ಕಿಂತ ಅದು ವಾಸಿ.

ಜನಾಜಾ ನಮಾಜ್ ನಿಂತೇ ಮಾಡುವಂಥದ್ದು, ಬಗ್ಗುವುದು, ಸಾಷ್ಟಾಂಗ ಇಲ್ಲ. ನಾಲ್ಕು ಸಲ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಸಾಲಿಗೆ ಸೇರದೆ ಒಂದು ಪಕ್ಕಕ್ಕೆ ಮೌನವಾಗಿ ನಿಲ್ಲಿ. ಹೆಣ ಎತ್ತಿದ ಮೇಲೆ ಬೇಗಬೇಗ ನಡೆಯುತ್ತಾರೆ, ಹೆಗಲು ಬದಲಾಗುತ್ತಲೇ ಇರುತ್ತದೆ. "ನಾನೂ ಹೆಗಲು ಕೊಡಲಾ ಭಾಯ್?" ಎಂದು ಕೇಳಿ, ಸಾಮಾನ್ಯವಾಗಿ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ದಾರಿಯಲ್ಲಿ ಅವರು ಹೇಳುವ ಕಲ್ಮಾ (ಇಸ್ಲಾಮಿನ ನಂಬಿಕೆಯ ವಾಕ್ಯ) ನೀವೂ ಹೇಳಬೇಕೆಂಬ ಬಲವಂತವಿಲ್ಲ. ಖಬರಸ್ತಾನದಲ್ಲಿ ಬೇರೆ ಗೋರಿಗಳನ್ನು ತುಳಿಯದಂತೆ ನಡೆಯಿರಿ. ನಮ್ಮ ಕಡೆ ಗೋರಿ ತೆಗೆಯುವುದು ಉತ್ತರ ದಕ್ಷಿಣವಾಗಿ: ತಲೆ ಉತ್ತರಕ್ಕೆ, ಮುಖ ಮೆಕ್ಕಾ ಇರುವ ಪಶ್ಚಿಮಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ಕೇಳಿ ಬೆಳೆದವರು ಅಲ್ಲಿ ಗೊಣಗದಿದ್ದರೆ ಒಳ್ಳೆಯದು. ಕೊನೆಗೆ ಎಲ್ಲರೂ ಮೂರು ಹಿಡಿ ಮಣ್ಣು ಹಾಕುತ್ತಾರೆ. ನಿಮ್ಮನ್ನು ಕರೆದರೆ ನೀವೂ ಹಾಕಿ.

ಮನೆಗೆ ಬಂದು ಸ್ನಾನ ಮಾಡುವುದು ನಿಮ್ಮ ಪದ್ಧತಿಯಾದರೆ ಮಾಡಿ, ಅದನ್ನು ಅವರೆದುರು ಹೇಳಬೇಕಿಲ್ಲ.

ಊಟದ ಜವಾಬ್ದಾರಿ ನೆರೆಯವರದು. ಸಾವಿನ ಮನೆಯವರಿಗೆ ಬೇರೆಯವರು ಅಡುಗೆ ಮಾಡಿ ಕೊಡುವುದು ಇಸ್ಲಾಮಿನಲ್ಲೇ ಇರುವ ರೂಢಿ. ಸಸ್ಯಾಹಾರವಾದರೆ ಹಲಾಲ್ ಪ್ರಶ್ನೆ ಏಳುವುದಿಲ್ಲ. 20 ಜನಕ್ಕೆ 3 ಕೆಜಿ ಅಕ್ಕಿ, 1 ಕೆಜಿ ತೊಗರಿಬೇಳೆಯ ಸಾರು, ಒಂದು ಪಲ್ಯ, 2 ಲೀಟರ್ ಮೊಸರು ಸಾಕು. ತಟ್ಟೆ, ಲೋಟ ನೀವೇ ಒಯ್ಯಿರಿ, ಪಾತ್ರೆ ವಾಪಸ್ಸಿಗೆ ಅವಸರ ಮಾಡಬೇಡಿ. ಮೊದಲ ದಿನ ಎಲ್ಲರೂ ತಂದುಕೊಟ್ಟು ಅನ್ನ ಹಳಸುತ್ತದೆ, ಎರಡನೇ ದಿನ ಒಲೆ ಹೊತ್ತಿಸಲು ಯಾರಿಗೂ ತ್ರಾಣ ಇರುವುದಿಲ್ಲ. ಬೀದಿಯವರು ಮೊದಲೇ ಮಾತಾಡಿಕೊಂಡು ಮೂರು ದಿನಕ್ಕೆ ಹೊತ್ತು ಹಂಚಿಕೊಳ್ಳಿ. ರಂಜಾನ್ ತಿಂಗಳಾದರೆ ಹಗಲು ಒಯ್ಯಬೇಡಿ. ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮುಂಚೆ ತಲುಪಲಿ.

ಮೂರನೇ ದಿನ ಕೆಲವರು ಜಿಯಾರತ್ (ತೀರಿಕೊಂಡವರಿಗಾಗಿ ಸೇರಿ ಪ್ರಾರ್ಥಿಸುವುದು) ಮಾಡುತ್ತಾರೆ, ಕೆಲವರು ಅದು ಧರ್ಮದಲ್ಲಿಲ್ಲವೆಂದು ಬಿಡುತ್ತಾರೆ. ಹಾಗಾಗಿ "ತಿಥಿ ಯಾವಾಗ?" ಎಂದು ಕೇಳಬೇಡಿ, ಕರೆದರೆ ಹೋಗಿ.

ಗಂಡ ತೀರಿಕೊಂಡಿದ್ದರೆ ಹೆಂಡತಿಗೆ 4 ತಿಂಗಳು 10 ದಿನದ ಇದ್ದತ್ (ವಿಧವೆ ಮನೆಯಲ್ಲೇ ಇರುವ ಅವಧಿ), ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಅಗತ್ಯವಿಲ್ಲದೆ ಆಕೆ ಹೊರಗೆ ಬರುವುದಿಲ್ಲ, ಹೊರಗಿನ ಗಂಡಸರು ಹೋಗಿ ಮಾತಾಡಿಸುವಂತಿಲ್ಲ. ನಿಮ್ಮ ಮನೆಯ ಹೆಂಗಸರು ಹೋಗಿ ಬರುತ್ತಿರಲಿ. ಇದೇ ಹೊತ್ತಿನಲ್ಲಿ ಕಾಗದಪತ್ರದ ಕೆಲಸ ಮೇಲೆ ಬೀಳುತ್ತದೆ. ಮರಣ ನೋಂದಣಿಗೆ 21 ದಿನದವರೆಗೆ ಶುಲ್ಕವಿಲ್ಲ. ಆಮೇಲೆ ತಡವಾದಷ್ಟೂ ಓಡಾಟ. ಮನೆಯಲ್ಲಿ ಬೇರೆ ಗಂಡಸರಿಲ್ಲದಿದ್ದರೆ ಅರ್ಜಿ ತಂದು ಸಹಿ ಹಾಕಿಸಿಕೊಂಡು ಹೋಗಿ ಕೊಡಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಬರೆಸಿ: ಒಂದರಲ್ಲಿ ಶೇಕ್, ಇನ್ನೊಂದರಲ್ಲಿ ಷೇಖ್ ಎಂದಿದ್ದರೆ ಬ್ಯಾಂಕಿನಲ್ಲೂ ವಿಧವಾ ವೇತನದ ಅರ್ಜಿಯಲ್ಲೂ ತಕರಾರು ಏಳುತ್ತದೆ. ಪ್ರಮಾಣಪತ್ರದ ನಾಲ್ಕೈದು ಪ್ರತಿಗಳನ್ನು ಒಂದೇ ಸಲಕ್ಕೆ ತೆಗೆಸಿಡಿ.