ಬಯಾಪ್ಸಿ ತುಂಡು ಕೆಡದೆ ಲ್ಯಾಬ್ ಮುಟ್ಟಬೇಕೆಂದರೆ

ಸ್ತನದ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಒಂದು ಎಳೆ ಮಾಂಸದ ಮೇಲೆ ಇವತ್ತು ಎಷ್ಟೊಂದು ಪರೀಕ್ಷೆ ಮಾಡಬಹುದು! ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದಷ್ಟೇ ಈಗ ಪ್ರಶ್ನೆಯಲ್ಲ. ಹಾರ್ಮೋನ್ ಹಿಡಿಯುವ ಪ್ರೋಟೀನ್, ಅಂದರೆ ಹಾರ್ಮೋನ್ ರಿಸೆಪ್ಟರ್ ಇದೆಯೇ, ಹರ್-2 ಪ್ರೋಟೀನ್ ಹೆಚ್ಚಾಗಿದೆಯೇ ಎಂದು ನೋಡಿಯೇ ಔಷಧ ನಿರ್ಧಾರವಾಗುತ್ತದೆ. ಶ್ವಾಸಕೋಶದ ಚೂರಾದರೆ ಇಜಿಎಫ್‌ಆರ್, ಎಎಲ್‌ಕೆ ಜೀನ್‌ಗಳನ್ನು ನೋಡುತ್ತಾರೆ. ಚೂರಿನ ತೆಳುಪದರ ಅಂಟಿಸಿದ ಗಾಜಿನ ಪಟ್ಟಿ, ಅಂದರೆ ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ರೋಗನಿರ್ಣಯ ಮಾಡುವ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ತುಂಡು ಮೈಯಿಂದ ಹೊರಬಂದ ಮೊದಲ ಒಂದು ಗಂಟೆಯಲ್ಲಿ ಕೆಟ್ಟುಹೋದರೆ ಇವುಗಳಲ್ಲಿ ಯಾವುದೂ ಅದನ್ನು ಸರಿಮಾಡಲಾರದು. ಆ ಒಂದು ಗಂಟೆ ಇರುವುದು ತುಂಡನ್ನು ಪರೀಕ್ಷಿಸುವ ವೈದ್ಯರಾದ ಪೆಥಾಲಜಿಸ್ಟರ ಕೈಯಲ್ಲಲ್ಲ, ಆಪರೇಷನ್ ಥಿಯೇಟರಿನಲ್ಲಿ ಡಬ್ಬಿ ಹಿಡಿದು ನಿಂತವರ ಕೈಯಲ್ಲಿ.

ತಾಲ್ಲೂಕು ಊರಿನ ನರ್ಸಿಂಗ್ ಹೋಮ್‌ಗಳ ಓಟಿ ಸಿಬ್ಬಂದಿಗಾಗಿ, ಡಬ್ಬಿ ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ರೋಗಿಯ ಕಡೆಯವರಿಗಾಗಿ ಈ ಬರಹ.

ಹಂತ 1: ಕತ್ತಿ ಇಡುವ ಮೊದಲೇ ಲ್ಯಾಬಿಗೆ ಫೋನ್ ಮಾಡಿ

ಫಾರ್ಮಲಿನ್ ಎಂದರೆ ತುಂಡು ಕೆಡದಂತೆ ಹಿಡಿದಿಡುವ ದ್ರಾವಣ. ಕೇಳಬೇಕಾದ ಪ್ರಶ್ನೆ ಒಂದೇ: "ಇದನ್ನು ಫಾರ್ಮಲಿನ್‌ಗೆ ಹಾಕಬಹುದೇ?" ನೂರಕ್ಕೆ ತೊಂಬತ್ತು ಸಲ ಹೌದು ಎಂದೇ ಉತ್ತರ ಬರುತ್ತದೆ. ಉಳಿದ ಹತ್ತರಲ್ಲಿ ಹಾಕಿದರೆ ಮತ್ತೆ ತೆಗೆಯಲು ದಾರಿಯಿಲ್ಲ. ಫಾರ್ಮಲಿನ್ ಮುಟ್ಟಿದ ಕ್ರಿಮಿ ಸತ್ತೇ ಹೋಗುತ್ತದೆ. ಹಾಗಾಗಿ ಕುತ್ತಿಗೆಯ ಗಂಟಿನಲ್ಲಿ ಟಿಬಿ ಸಂಶಯವಿದ್ದರೆ ಒಂದು ಚೂರನ್ನು ಸ್ಟೆರೈಲ್ ಸಲೈನಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಕಲ್ಚರಿಗೆ ತೆಗೆದಿಟ್ಟು, ಉಳಿದದ್ದನ್ನು ಫಾರ್ಮಲಿನ್‌ಗೆ ಹಾಕಬೇಕು. ಕಿಡ್ನಿ ಬಯಾಪ್ಸಿಯನ್ನು ಮೂರು ಪಾಲು ಮಾಡುತ್ತಾರೆ: ಒಂದು ಫಾರ್ಮಲಿನ್‌ಗೆ, ಒಂದು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗಾಗಿ ಮೈಕೆಲ್ಸ್ ಮೀಡಿಯಂ ಎಂಬ ಸಾಗಣೆ ದ್ರವಕ್ಕೆ, ಇನ್ನೊಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗಾಗಿ ಗ್ಲುಟರಾಲ್ಡಿಹೈಡ್‌ಗೆ. ಚರ್ಮದಲ್ಲಿ ನೀರುಗುಳ್ಳೆ ಏಳುವ ಪೆಂಫಿಗಸ್‌ನಂಥ ರೋಗಕ್ಕೂ ಮೈಕೆಲ್ಸ್ ಮೀಡಿಯಂನಲ್ಲಿ ಬೇರೆ ಚೂರು ಬೇಕು. ಸ್ನಾಯುವಿನ ಬಯಾಪ್ಸಿಯಲ್ಲಿ ಕಿಣ್ವಗಳ ಪರೀಕ್ಷೆ ಇರುವುದರಿಂದ ಹಸಿಯಾಗಿಯೇ ಮುಟ್ಟಿಸಬೇಕು. ಅದನ್ನು ನಿಮ್ಹಾನ್ಸ್‌ನಂಥ ನ್ಯೂರೋಪೆಥಾಲಜಿ ವಿಭಾಗವಿರುವ ಕಡೆಯೇ ಮಾಡಿಸುವುದು ಒಳ್ಳೆಯದು. ಹಳ್ಳಿಯಿಂದ ಡಬ್ಬಿಯಲ್ಲಿ ಕಳಿಸುವ ಕೆಲಸ ಅದಲ್ಲ.

ಹಂತ 2: ಡಬ್ಬಿ ಮತ್ತು ಚೀಟಿ

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನೇ ಬಳಸಿ. ಹಸಿ ಗಡ್ಡೆ ಮೆತ್ತಗಿರುವುದರಿಂದ ಸಣ್ಣ ಬಾಯಿಯ ಬಾಟಲಿಯಲ್ಲೂ ತುರುಕಿದರೆ ಒಳಗೆ ಹೋಗುತ್ತದೆ. ಮರುದಿನ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಕೊನೆಗೆ ಬಾಟಲಿ ಒಡೆಯಬೇಕು, ಇಲ್ಲವೇ ಗಡ್ಡೆಯನ್ನು ಚೂರು ಮಾಡಿ ಕೀಳಬೇಕು. ಕುಡಿಯುವ ನೀರಿನ ಬಾಟಲಿಯಲ್ಲಂತೂ ಯಾವ ಕಾರಣಕ್ಕೂ ಹಾಕಬೇಡಿ. ಫಾರ್ಮಲಿನ್ ನೋಡಲು ನೀರಿನಂತೆಯೇ ಇರುತ್ತದೆ. ಪ್ರಯಾಣದಲ್ಲಿ ಮಗುವೊಂದು ಬಾಯಿಗಿಟ್ಟರೆ ಜೀವಕ್ಕೇ ಅಪಾಯ.

ಹೆಸರಿನ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ. ಮುಚ್ಚಳಕ್ಕೆ ಬೇಡ, ಏಕೆಂದರೆ ಲ್ಯಾಬಿನ ಮೇಜಿನ ಮೇಲೆ ನಾಲ್ಕು ಡಬ್ಬಿ ತೆರೆದರೆ ಮುಚ್ಚಳಗಳು ಅದಲು ಬದಲಾಗುತ್ತವೆ. ಪೆನ್ನಿನ ಶಾಯಿ ಫಾರ್ಮಲಿನ್ ತಾಗಿದರೆ ಹರಡುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಹೆಸರು, ಆಸ್ಪತ್ರೆ ನಂಬರ್, ಯಾವ ಅಂಗ, ಎಡವೋ ಬಲವೋ, ಇಷ್ಟೂ ಇರಲಿ. ಎರಡು ಜಾಗದಿಂದ ತೆಗೆದಿದ್ದರೆ ಎರಡು ಡಬ್ಬಿ ಮಾಡಿ.

ಹಂತ 3: ಫಾರ್ಮಲಿನ್

ಹೆಚ್ಚಿನ ತುಂಡುಗಳು ಕೆಡುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ನೋಡೋಣ.

ರಕ್ತ ನಿಂತ ಕ್ಷಣದಿಂದ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಸಲೈನ್ ಇದನ್ನು ತಡೆಯುವುದಿಲ್ಲ. ನೀರಿನಲ್ಲಿಟ್ಟರೆ ಕೋಶಗಳು ಉಬ್ಬಿ ಒಡೆಯುತ್ತವೆ. ಸ್ಪಿರಿಟ್ ಚೂರನ್ನು ಕುಗ್ಗಿಸಿ ಬಿರುಸು ಮಾಡುತ್ತದೆ. ಜರ್ಮನಿಯ ಫರ್ಡಿನಾಂಡ್ ಬ್ಲುಮ್ 1893ರಲ್ಲಿ ತೋರಿಸಿಕೊಟ್ಟ ಫಾರ್ಮಾಲ್ಡಿಹೈಡ್ ಇವತ್ತಿಗೂ ದಿನನಿತ್ಯದ ಕೆಲಸದಲ್ಲಿ ಮೊದಲ ಆಯ್ಕೆ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ, ಕೋಶ ಇದ್ದಂತೆಯೇ ನಿಲ್ಲುವ ಹಾಗೆ ಮಾಡುತ್ತದೆ.

ಗೊಂದಲವಾಗುವುದು "10 ಪರ್ಸೆಂಟ್" ಎಂಬ ಮಾತಿನಲ್ಲಿ. ಅಂಗಡಿಯ ಬಾಟಲಿಯ ಮೇಲೆ 37ರಿಂದ 40 ಪರ್ಸೆಂಟ್ ಎಂದು ಬರೆದಿರುತ್ತದೆ. ಅದು ಫಾರ್ಮಾಲ್ಡಿಹೈಡ್ ಅನಿಲದ ಲೆಕ್ಕ. ಆ ದ್ರಾವಣವನ್ನೇ ಪೂರ್ತಿ ಫಾರ್ಮಲಿನ್ ಎಂದು ಹಿಡಿದು, ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದರೆ 10 ಪರ್ಸೆಂಟ್ ಫಾರ್ಮಲಿನ್ ಆಯಿತು. ಬಾಟಲಿಯಲ್ಲಿ ಇದ್ದದ್ದನ್ನು ಹಾಗೆಯೇ ಸುರಿಯುವವರಿದ್ದಾರೆ. ಆಗ ತುಂಡಿನ ಹೊರಮೈ ಬೇಗ ಗಟ್ಟಿಯಾಗಿ, ಒಳಗೆ ದ್ರವ ಇಳಿಯುವುದಿಲ್ಲ. ಹೊರಗೆ ಬೆಂದು ಒಳಗೆ ಹಸಿ ಉಳಿದ ಆಲೂಗಡ್ಡೆಯ ಸ್ಥಿತಿ ಅದರದ್ದು.

ಬರೀ ನಲ್ಲಿ ನೀರು ಬೆರೆಸಿದರೂ ಸಾಲದು, ಆಮ್ಲವಾಗದಂತೆ ತಡೆಯುವ ಬಫರ್ ಉಪ್ಪು ಬೇಕು. ಒಂದು ಲೀಟರಿಗೆ ಅಳತೆ ಹೀಗೆ: ಅಂಗಡಿಯ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಅನ್‌ಹೈಡ್ರಸ್ 6.5 ಗ್ರಾಂ. ಎರಡನೆಯ ಉಪ್ಪು ಡೈಹೈಡ್ರೇಟ್ ರೂಪದ್ದಾದರೆ ಸುಮಾರು 8.15 ಗ್ರಾಂ ಬೇಕು. ಡಬ್ಬದ ಮೇಲಿನ ಹೆಸರು ಪೂರ್ತಿ ಓದಿಯೇ ತೂಗಿ. ಪಿಎಚ್ 7ರ ಆಸುಪಾಸಿನಲ್ಲಿ ಬರಬೇಕು. ಬಫರ್ ಇಲ್ಲದಿದ್ದರೆ ಫಾರ್ಮಾಲ್ಡಿಹೈಡ್ ದಿನ ಕಳೆದಂತೆ ಫಾರ್ಮಿಕ್ ಆಮ್ಲವಾಗುತ್ತದೆ. ರಕ್ತ ತುಂಬಿದ ತುಂಡಿನಲ್ಲಿ ಆಗ ಕಂದುಗಪ್ಪು ಪುಡಿ ಕೂರುತ್ತದೆ. ಮೈಕ್ರೋಸ್ಕೋಪಿನಡಿ ಅದು ಮಲೇರಿಯಾದ ಬಣ್ಣದಂತೆ ಕಂಡು ದಾರಿ ತಪ್ಪಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಡಿಎನ್‌ಎ ತುಂಡು ತುಂಡಾಗಿ, ಜೀನ್ ಪರೀಕ್ಷೆ ಕೈಕೊಡುತ್ತದೆ. ತಳದಲ್ಲಿ ಬಿಳಿ ಗಸಿ ಕೂತ ಹಳೆಯ ದ್ರಾವಣವನ್ನು ಬಳಸಬೇಡಿ. ಇಷ್ಟೆಲ್ಲ ತೂಗುವ ವ್ಯವಸ್ಥೆ ಇಲ್ಲದ ಕಡೆ ಅಳತೆ ತುಂಬಿದ ಸಿದ್ಧ ಡಬ್ಬಿಗಳನ್ನು ಲ್ಯಾಬಿನಿಂದಲೇ ತರಿಸಿಕೊಳ್ಳಿ. ತಿಂಗಳಿಗೆ ನಾಲ್ಕೈದೇ ಬಯಾಪ್ಸಿ ಮಾಡುವ ಆಸ್ಪತ್ರೆಗೆ ಇದೇ ಸರಿಯಾದ ದಾರಿ.

ಇನ್ನು ಎಷ್ಟು ಸುರಿಯಬೇಕು? ತುಂಡಿನ ಹತ್ತುಪಟ್ಟು. ಇದು ಕನಿಷ್ಠ, ಇಪ್ಪತ್ತು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ತುಂಡು ಮುಳುಗಿದರೆ ಸಾಕೆಂಬ ಲೆಕ್ಕ ತಪ್ಪು. ಅರ್ಧ ಕಿಲೋ ತೂಗುವ ಸ್ತನಕ್ಕೆ ಐದು ಲೀಟರ್ ಬೇಕು, ಅಂದರೆ ಮುಚ್ಚಳವಿರುವ ಬಕೆಟ್ಟೇ ಬೇಕು. ಅಷ್ಟು ಸಿಗದಿದ್ದರೆ ಮೊದಲ ಕೆಲವು ಗಂಟೆಗಳ ನಂತರ ಹಳೆಯದನ್ನು ಚೆಲ್ಲಿ ಹೊಸದು ಸುರಿಯಿರಿ. ತುಂಡಿನ ಕೆಳಗೆ ಒಂದು ಪದರ ಗಾಜ್ ಬಟ್ಟೆ ಹಾಸಿದರೆ ತಳಕ್ಕೆ ಒತ್ತಿಕೊಂಡ ಭಾಗಕ್ಕೂ ದ್ರವ ತಾಗುತ್ತದೆ.

ಫಾರ್ಮಲಿನ್ ಗಂಟೆಗೆ ಸುಮಾರು ಒಂದು ಮಿಲಿಮೀಟರ್‌ನಷ್ಟೇ ಒಳಗಿಳಿಯುತ್ತದೆ, ಒಳಹೋದಂತೆಲ್ಲ ಇನ್ನೂ ನಿಧಾನ. ನಿಂಬೆಹಣ್ಣಿನ ಗಾತ್ರದ ಗಡ್ಡೆಯ ನಡುವಿಗೆ ಅದು ತಲುಪುವಷ್ಟರಲ್ಲಿ ಒಳಗಿನದು ಕೊಳೆತಿರುತ್ತದೆ. ಆದ್ದರಿಂದ ದೊಡ್ಡ ತುಂಡನ್ನು ಸೀಳಿಯೇ ಹಾಕಬೇಕು. ಆದರೆ ಸೀಳುವ ಮುನ್ನ ಗುರುತು ಮಾಡಿಕೊಳ್ಳಿ. ಸರ್ಜನ್ ಮೇಲ್ಭಾಗಕ್ಕೆ ಗಿಡ್ಡ ಹೊಲಿಗೆ, ಹೊರಪಕ್ಕಕ್ಕೆ ಉದ್ದ ಹೊಲಿಗೆ ಹಾಕಿ ಅದನ್ನು ಫಾರಂನಲ್ಲಿ ಬರೆಯಬೇಕು. ಅಂಚಿಗೆ ಶಾಯಿ ಬಳಿಯದೆ ಸೀಳಿದರೆ ಕ್ಯಾನ್ಸರ್ ಅಂಚು ಮುಟ್ಟಿದೆಯೇ ಎಂದು ಹೇಳುವುದು ಕಷ್ಟ. ಹಾಗಾಗಿ ಮೊದಲ ಸಲ ಪೆಥಾಲಜಿಸ್ಟರನ್ನು ಕೇಳಿಯೇ ಮಾಡಿ. ಸ್ತನವನ್ನು ಹಿಂಬದಿಯಿಂದ, ಒಂದು ಸೆಂಟಿಮೀಟರ್‌ಗೊಂದರಂತೆ ಸೀಳಿ. ಎಣ್ಣೆಗಾಯಿಗೆ ಬದನೆಕಾಯಿ ಸೀಳಿದ ಹಾಗೆ ಒಂದು ಕಡೆ ಹಿಡಿತ ಉಳಿದಿರಬೇಕು, ಹೋಳುಗಳು ಬೇರೆಯಾಗಬಾರದು. ಸೀಳಿನ ನಡುವೆ ಗಾಜ್ ತುಂಡು ಸಿಕ್ಕಿಸಿ, ದ್ರವ ಒಳಗೆ ಹೋಗುತ್ತದೆ. ಗರ್ಭಕೋಶವನ್ನು ಎರಡೂ ಪಕ್ಕದಿಂದ ಸೀಳಿ ತೆರೆಯದಿದ್ದರೆ ಒಳಪದರ ಕೊಳೆಯುತ್ತದೆ. ನೋಡಬೇಕಾದದ್ದೇ ಆ ಪದರ. ಕರುಳನ್ನು ಸಾಮಾನ್ಯವಾಗಿ ಗಡ್ಡೆ ಇಲ್ಲದ ಕಡೆಯಿಂದ ಉದ್ದಕ್ಕೆ ತೆರೆದು, ಸಲೈನಿನಲ್ಲಿ ಮಲ ತೊಳೆದು ಹಾಕುತ್ತಾರೆ.

ಪಿತ್ತಕೋಶದ ಬಗ್ಗೆ ಒಂದು ಮಾತು. ಕಲ್ಲುಗಳನ್ನು ಮನೆಯವರಿಗೆ ತೋರಿಸಿ, ಚೀಲವನ್ನು ಕಸಕ್ಕೆ ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಯಾರೂ ಊಹಿಸದ ಕ್ಯಾನ್ಸರ್ ಮೈಕ್ರೋಸ್ಕೋಪಿನಡಿ ಸಿಗುವುದುಂಟು. ಉದ್ದಕ್ಕೆ ಕತ್ತರಿಸಿ, ಪಿತ್ತ ಚೆಲ್ಲಿ, ಫಾರ್ಮಲಿನ್‌ಗೆ ಹಾಕಿ. ಪಿತ್ತ ಒಳಗೇ ಉಳಿದರೆ ಒಳಪದರವನ್ನು ತಿಂದುಬಿಡುತ್ತದೆ.

ಸಣ್ಣ ಚೂರುಗಳ ಕಷ್ಟವೇ ಬೇರೆ. ಎಂಡೋಸ್ಕೋಪಿಯಲ್ಲಿ ತೆಗೆದ ಜೋಳದ ಕಾಳಿನಷ್ಟು ಚೂರನ್ನು ಗಾಜ್ ಬಟ್ಟೆಯ ಮೇಲಿಟ್ಟರೆ ಅದರ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಒಣಗಿಯೂ ಹೋಗುತ್ತದೆ. ಫಿಲ್ಟರ್ ಪೇಪರಿನ ಮೇಲೆ ಮೆಲ್ಲನೆ ಇಳಿಸಿ, ಕಾಗದದ ಸಮೇತ ಮುಳುಗಿಸಿ. ಹಲ್ಲಿರುವ ಚಿಮಟದಿಂದ ಹಿಂಡಬೇಡಿ. ಲಿಂಫ್ ಗ್ರಂಥಿಯ ಕೋಶಗಳು, ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನ ಕೋಶಗಳು ಬಹಳ ನಾಜೂಕು. ಹಿಂಡಿದರೆ ಸ್ಲೈಡಿನಲ್ಲಿ ನೀಲಿ ಶಾಯಿ ಎಳೆದ ಗೆರೆಗಳಷ್ಟೇ ಕಾಣುತ್ತವೆ. ಎಷ್ಟು ಚೂರು ಹಾಕಿದಿರಿ ಎಂದು ಎಣಿಸಿ ಬರೆಯಿರಿ.

ಎರಡು ಸಮಯ ಬರೆಯುವುದು ಕಡ್ಡಾಯ: ಮೈಯಿಂದ ತೆಗೆದದ್ದು ಎಷ್ಟು ಹೊತ್ತಿಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಹೊತ್ತಿಗೆ. ಸ್ತನ ಕ್ಯಾನ್ಸರಿನ ರಿಸೆಪ್ಟರ್ ಪರೀಕ್ಷೆಗೆ ಇವೆರಡರ ನಡುವೆ ಒಂದು ಗಂಟೆ ಮೀರಬಾರದು. ಆಮೇಲೆ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು. ಸೂಜಿಯ ಎಳೆ ತೆಳ್ಳಗಿದೆ, ಎರಡು ಗಂಟೆ ಸಾಕು ಎನ್ನುವವರಿದ್ದಾರೆ. ದ್ರವ ಒಳಗಿಳಿಯಲು ಎರಡು ಗಂಟೆ ಸಾಕು ನಿಜ, ಆದರೆ ಪ್ರೋಟೀನುಗಳು ಕಟ್ಟಿಕೊಳ್ಳಲು ಸಾಲದು. ಇಲ್ಲಿ ತಪ್ಪಿದರೆ ರಿಸೆಪ್ಟರ್ ಇದ್ದರೂ ಇಲ್ಲವೆಂದು ರಿಪೋರ್ಟ್ ಬರಬಹುದು. ಆಗ ರೋಗಿಗೆ ಸಿಗಬೇಕಾದ ಹಾರ್ಮೋನ್ ಮಾತ್ರೆಯೋ ಹರ್-2ಕ್ಕೆ ಕೊಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ನೋ ತಪ್ಪಿಹೋಗುತ್ತದೆ. ಶನಿವಾರ ಸಂಜೆಯ ಆಪರೇಷನ್ ಆದರೆ ಸೋಮವಾರ ಬೆಳಿಗ್ಗೆ ಮುಟ್ಟಿಸಬಹುದು. ಆದರೆ ಸಾಲು ರಜೆಯ ಹಿಂದಿನ ದಿನ ಸ್ತನದ ಬಯಾಪ್ಸಿ ಇಟ್ಟುಕೊಳ್ಳಬೇಡಿ.

ಫಾರ್ಮಲಿನ್‌ಗೆ ಹಾಕಿದ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡುವ ಅಗತ್ಯವಿಲ್ಲ, ತಂಪಿನಲ್ಲಿ ಕೆಲಸ ನಿಧಾನವಾಗುತ್ತದೆ. ಫ್ರೀಜರಿನಲ್ಲಂತೂ ಬೇಡವೇ ಬೇಡ. ಐಸ್ ಹರಳುಗಳು ಕೋಶಗಳನ್ನು ಸೀಳಿಬಿಡುತ್ತವೆ.

ಹಂತ 4: ಫಾರಂ ಪೂರ್ತಿ ತುಂಬಿ

ವಯಸ್ಸು, ಗಡ್ಡೆಯ ಜಾಗ, ಎಷ್ಟು ದಿನದಿಂದ, ಸ್ಕ್ಯಾನ್‌ನಲ್ಲಿ ಏನಿತ್ತು, ಮೊದಲು ಕೀಮೋ ಅಥವಾ ರೇಡಿಯೇಷನ್ ಆಗಿದೆಯೇ, ಎಲ್ಲ ಬರೆಯಿರಿ. ಗರ್ಭಕೋಶದ ಒಳಪದರದ ಬಯಾಪ್ಸಿಗೆ ಕೊನೆಯ ಮುಟ್ಟಿನ ತಾರೀಖು ಬೇಕು. ಮೂಳೆಯ ಗಡ್ಡೆಯಾದರೆ ಎಕ್ಸ್‌ರೇ ಜೊತೆಗಿರಲೇಬೇಕು. ಸ್ಲೈಡ್ ಒಂದನ್ನೇ ನೋಡಿ ಮೂಳೆಗೆ ರಿಪೋರ್ಟ್ ಕೊಡುವುದು ಅಪಾಯ.

ಹಂತ 5: ಒಯ್ಯುವುದು

ಮುಚ್ಚಳಕ್ಕೆ ಟೇಪ್ ಸುತ್ತಿ, ಹತ್ತಿಯ ಜೊತೆ ಜಿಪ್ ಕವರಿಗೆ ಹಾಕಿ, ಅದನ್ನು ಗಟ್ಟಿ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ. ದಾರಿಯಲ್ಲಿ ತೆರೆದು ನೋಡಬೇಡಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಸೋರಿದರೆ ಕೈಗವಸು ಹಾಕಿಯೇ ಒರೆಸಿ.

ಹಂತ 6: ಲ್ಯಾಬಿನಲ್ಲಿ

ಚೂರು ರಾತ್ರಿಯಿಡೀ ಆಲ್ಕೋಹಾಲ್, ಕ್ಸೈಲೀನ್, ಕರಗಿದ ಮೇಣ ದಾಟಿ ಬೆಳಿಗ್ಗೆ ಮೇಣದೊಳಗೆ ಕೂತ ಗಟ್ಟಿ, ಅಂದರೆ ಬ್ಲಾಕ್ ಆಗುತ್ತದೆ. ಮೈಕ್ರೋಟೋಮಿನಲ್ಲಿ 3-4 ಮೈಕ್ರಾನ್ ದಪ್ಪಕ್ಕೆ ಹೆರೆದು, ಬಣ್ಣ ಹಾಕಿ ನೋಡುತ್ತಾರೆ. ಐಎಚ್‌ಸಿ (ರಿಸೆಪ್ಟರ್‌ನಂಥ ಪ್ರೋಟೀನುಗಳನ್ನು ಹುಡುಕುವ ವಿಶೇಷ ಬಣ್ಣದ ಪರೀಕ್ಷೆ) ಬೇಕಾದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಇವತ್ತೇ ಕೊಡಿ ಎಂದು ಒತ್ತಾಯಿಸಬೇಡಿ. ಕೇಳಲೇಬೇಕಾದದ್ದು ಮೂಳೆಯ ವಿಷಯದಲ್ಲಿ. ಮೂಳೆಗೆ ಹರಡಿದ ಕ್ಯಾನ್ಸರಿನ ಚೂರನ್ನು ಬಲವಾದ ಆಮ್ಲದಲ್ಲಿ ಮೆತ್ತಗೆ ಮಾಡಿದರೆ ಡಿಎನ್‌ಎ ಹಾಳಾಗುತ್ತದೆ. ಜೀನ್ ಪರೀಕ್ಷೆ ಬೇಕಾಗಬಹುದು ಎಂದಾದರೆ ಆಮ್ಲದ ಬದಲು ಇಡಿಟಿಎ ಎಂಬ ಮೃದು ರಾಸಾಯನಿಕ ಬಳಸುವಂತೆ ಫಾರಂನಲ್ಲೇ ಬರೆಯಿರಿ. ಅದು ನಿಧಾನ, ಆದರೆ ಡಿಎನ್‌ಎ ಉಳಿಯುತ್ತದೆ.

ಹಂತ 7: ಇನ್ನೊಬ್ಬರ ಅಭಿಪ್ರಾಯಕ್ಕೆ

ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೊರಟಾಗ ರಿಪೋರ್ಟಿನ ಜೊತೆ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಲ್ಯಾಬಿನಿಂದ ಸಹಿ ಹಾಕಿ ಪಡೆಯಿರಿ. ಸ್ಕ್ಯಾನ್ ಮಾಡಿದ ಚಿತ್ರ ಅಥವಾ ಸ್ಲೈಡ್ ಅಭಿಪ್ರಾಯಕ್ಕೆ ಸಾಕಾಗಬಹುದು. ಹೊಸದಾಗಿ ಐಎಚ್‌ಸಿಯೋ ಜೀನ್ ಪರೀಕ್ಷೆಯೋ ಮಾಡಬೇಕಾದರೆ ಬ್ಲಾಕೇ ಬೇಕು. ಸ್ಲೈಡುಗಳನ್ನು ಪ್ಲಾಸ್ಟಿಕ್ ಸ್ಲೈಡ್ ಡಬ್ಬಿಯಲ್ಲಿ ಹಾಕಿ. ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರೆ ಒಡೆಯುತ್ತವೆ. ಬ್ಲಾಕಿನ ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯಬಲ್ಲದು. ಮೇಣ ಹರಿದು ಚೂರು ಓರೆಯಾದರೆ ಮತ್ತೆ ಹೊಸ ಬ್ಲಾಕ್ ಮಾಡಿ ಹೆರೆಯಬೇಕು, ಸಣ್ಣ ಚೂರಾದರೆ ಆಗ ಅರ್ಧ ಪಾಲು ಹೋಗಿಯೇ ಹೋಗುತ್ತದೆ. ಬ್ಲಾಕನ್ನು ಜಿಪ್ ಕವರಿನಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಮರಳಿ ಪಡೆದು, ಮೊದಲು ಮಾಡಿದ ಲ್ಯಾಬಿಗೇ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಎರಡು ವರ್ಷದ ನಂತರ ಹೊಸ ಔಷಧಕ್ಕೆ ಹೊಸ ಪರೀಕ್ಷೆ ಬೇಕಾದಾಗ ಅದೇ ಬ್ಲಾಕನ್ನು ಕೇಳುತ್ತಾರೆ.