ಉಂಡ ರಾಗಿ ವಾಪಸ್ ಬಂತು

2020ರ ಮಾರ್ಚ್ 22ಕ್ಕೆ ರೈಲು ನಿಂತಿತು. ಬಂಗಾರಪೇಟೆಯಲ್ಲಿ ನಮಗೆ ಲಾಕ್‌ಡೌನ್ ಶುರುವಾದದ್ದೇ ಅವತ್ತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಗಾರೆ ಕೆಲಸ, ಮನೆಗೆಲಸ ಮಾಡಿ ರಾತ್ರಿ ಬರುವವರ ಮನೆಗಳೇ ನಮ್ಮ ಬೀದಿಯಲ್ಲಿ ಸುಮಾರು 40. ವಾರದೊಳಗೆ ಅಂಗಡಿ ಸಾಲವೂ ನಿಂತಿತು.

ರೇಷನ್ ಬರುತ್ತಿತ್ತು, ನಿಜ. ಕಾರ್ಡ್ ಇದ್ದವರಿಗೆ ಕೇಂದ್ರದ ಅಕ್ಕಿ ತಲೆಗೆ ಇನ್ನೂ 5 ಕೆ.ಜಿ. ಸೇರಿತು. ಆದರೆ ಮದುವೆಯಾಗಿ ಬೇರೆ ಮನೆ ಮಾಡಿದವರಿಗೆ, ಬಾಡಿಗೆಗೆ ಬಂದವರಿಗೆ ಕಾರ್ಡೇ ಇರಲಿಲ್ಲ. ಶಾಲೆ ಮುಚ್ಚಿದ ಮೇಲೆ ಮಕ್ಕಳ ಮಧ್ಯಾಹ್ನದ ಬಿಸಿಯೂಟವೂ ಹೋಯಿತು.

ನಾನು ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುವವಳು. ಮೊದಲು ಮನೆಗೆ 500 ರೂಪಾಯಿಯಂತೆ ಒಂದಿಷ್ಟು ಮನೆಗಳಿಗೆ ಕೊಟ್ಟೆವು. ಅದು ಬಾಡಿಗೆಗೆ, ಬೈಕಿನ ಕಂತಿಗೆ ಹೋಯಿತು. ಒಲೆ ಹತ್ತಲಿಲ್ಲ. ಅವರ ತಪ್ಪೇನಿಲ್ಲ, ಓನರ್ ಬಾಗಿಲಲ್ಲಿ ನಿಂತರೆ ಯಾರಾದರೂ ಅದನ್ನೇ ಮಾಡುತ್ತಾರೆ. ಆಮೇಲೆ ಒಟ್ಟಿಗೆ ರಾಗಿ ಹಿಟ್ಟು ಮಾಡಿಸಿ ಹಂಚೋಣ ಎಂದು ಒಂದೂವರೆ ಕ್ವಿಂಟಾಲ್ ಬೀಸಿಸಿದೆ. ಬಿಸಿ ಆರುವ ಮೊದಲೇ ಚೀಲ ಕಟ್ಟಿಬಿಟ್ಟಿದ್ದೆ. ಹಂಚುವುದು ತಡವಾಗಿ ಅರ್ಧ ಚೀಲ ಮುಗ್ಗಿತು. ಒಬ್ಬ ಅಜ್ಜಿ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಮೂಸಿ, ಏನೂ ಹೇಳದೆ ಸೆರಗಿಗೆ ಕಟ್ಟಿಕೊಂಡು ಹೋದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ತೀರ್ಮಾನ ಮಾಡಿದೆ. ಹಿಟ್ಟು ಬೇಡ, ದುಡ್ಡು ಬೇಡ, ಕಾಳು ರಾಗಿ. ಅದೂ ದಾನವಲ್ಲ, ಕೈಸಾಲ. ಕೆಲಸ ಸಿಕ್ಕ ಮೇಲೆ ರಾಗಿಯನ್ನೇ ವಾಪಸ್ ಕೊಡಬೇಕು. ಸಂಘದಲ್ಲಿ ಎಲ್ಲರೂ ನನ್ನ ಮೇಲೆ ಬಿದ್ದರು. "ಏನಮ್ಮ, ಉಂಡ ರಾಗಿ ಯಾರಾದರೂ ವಾಪಸ್ ಕೊಡ್ತಾರಾ?" ಎಂದರು ನಮ್ಮ ಅಧ್ಯಕ್ಷೆ ಅಕ್ಕ. ಮನೆಯಲ್ಲಿ ಯಜಮಾನರದೂ ಅದೇ ಮಾತು. ಸಂಘದ ಉಳಿತಾಯ 22 ಸಾವಿರ, ನನ್ನ ಓಲೆ ಅಡವಿಟ್ಟು 8 ಸಾವಿರ ಸೇರಿಸಿದೆ. ಬೂದಿಕೋಟೆ ಕಡೆಯ ರೈತರ ಮನೆಯಿಂದಲೇ ಕ್ವಿಂಟಾಲಿಗೆ 2,700ರ ಆಸುಪಾಸಿನಲ್ಲಿ 10 ಕ್ವಿಂಟಾಲ್ ತಂದೆ. ಉಳಿದದ್ದು ಗಾಡಿ ಬಾಡಿಗೆಗೆ, ಮಿಲ್ಲಿನ ಕೂಲಿಗೆ. ಕೈಯಲ್ಲಿ ಬಿಡಿಗಾಸಿಲ್ಲದವರಿಗೆ ಬೀಸಿಸುವ ದುಡ್ಡೂ ಕೊಡಲೇಬೇಕು, ಇಲ್ಲವಾದರೆ ರಾಗಿ ಮೂಲೆಯಲ್ಲೇ ಕೂರುತ್ತದೆ.

ಮನೆಗೆ 20 ಸೇರು. ಅಳತೆಯಲ್ಲೇ ಇಡೀ ವಿಷಯ ಇದೆ. ಕೊಡುವಾಗ ಸೇರಿನ ಮೇಲೆ ಕೈ ಆಡಿಸಿ ಮಟ್ಟ ಮಾಡಿ ಕೊಡುತ್ತಿದ್ದೆ. ವಾಪಸ್ ತರುವಾಗ ಗೋಪುರ ಬರುವ ಹಾಗೆ ತುಂಬಿ ಸುರಿಯಬೇಕು. ಬಡ್ಡಿ ಎಂಬ ಮಾತೇ ಇಲ್ಲ, ಆದರೆ ಹುಳ, ಧೂಳು, ಬಾರದ ಬಾಕಿ ಎಲ್ಲವನ್ನೂ ಆ ಗೋಪುರವೇ ತುಂಬಿಸುತ್ತದೆ. ಫೋಟೋ ಇಲ್ಲ, ಸಾಲು ನಿಲ್ಲಿಸುವುದಿಲ್ಲ. ಕತ್ತಲಾದ ಮೇಲೆ ಬಂದು ತೆಗೆದುಕೊಂಡು ಹೋಗಬಹುದು. ಬೇರೆಯವರು ದಿನಸಿ ಕಿಟ್ ಕೊಡುವಾಗ ಫೋಟೋಗೆ ನಿಲ್ಲಿಸಿದರು ಅಂತ ಕಿಟ್ಟನ್ನೇ ಬಿಟ್ಟು ಬಂದ ಹೆಂಗಸು ನನ್ನ ಹತ್ತಿರ 20 ಸೇರು ಒಯ್ದರು. ಎಲ್ಲರಿಗಿಂತ ಮೊದಲು ತೀರಿಸಿದ್ದೂ ಅವರೇ.

ಮಧ್ಯೆ ಟೊಮೆಟೊ ಒಣಗಿಸುವ ಪ್ರಯೋಗವನ್ನೂ ಮಾಡಿದೆ. ಆಗ ರೈತರು ಟೊಮೆಟೊ ರಸ್ತೆ ಬದಿಗೆ ಸುರಿಯುತ್ತಿದ್ದರು, ಬಿಡಲು ಮನಸ್ಸಾಗಲಿಲ್ಲ. ಎರಡು ಭಾಗ ಮಾಡಿ ತಾರಸಿಯಲ್ಲಿ ಹರಡಿದ್ದು ಬೂಸ್ಟು ಹಿಡಿಯಿತು. ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಮೇಲೆ ಹಳೆ ಸೀರೆ ಹೊದಿಸಿದಾಗ ನಾಲ್ಕೈದು ದಿನಕ್ಕೆ ಚಟಪಟ ಒಣಗಿತು. 15 ಕೆ.ಜಿ. ಹಣ್ಣಿಗೆ ಒಂದು ಕೆ.ಜಿ.ಯೂ ಸಿಗಲಿಲ್ಲ. ಆದರೆ ಹುರುಳಿ ಸಾರಿಗೆ ಹುಣಸೆಹಣ್ಣೇ ಬೇಡ.

ರೈಲು ಶುರುವಾಗಿ ಕೆಲಸ ಸಿಕ್ಕ ಮೇಲೆ ರಾಗಿ ಬರತೊಡಗಿತು. 40ರಲ್ಲಿ 34 ಮನೆಯವರು ಪೂರ್ತಿ ಕೊಟ್ಟರು. ನಾಲ್ಕು ಮನೆ ಅರ್ಧ, ಎರಡು ಮನೆಯವರು ಊರೇ ಬಿಟ್ಟರು. ಗೋಪುರದಿಂದಲೇ 60–70 ಕೆ.ಜಿ. ಜಾಸ್ತಿ ಬಂದಿರಬೇಕು. ಯಾರ ಮನೆ ಬಾಗಿಲಿಗೂ ಹೋಗಿ ಕೇಳಲಿಲ್ಲ. ಕೇಳದೆ ವಸೂಲಿ ಮಾಡಿದ ಬಗೆ ಇಲ್ಲಿ ಬರೆಯುವುದಿಲ್ಲ, ಸಂಘ ನಡೆಸುವವರು ಬಂದರೆ ಕೂರಿಸಿಕೊಂಡು ಹೇಳುತ್ತೇನೆ. ಡ್ರಮ್ಮಿನಲ್ಲಿ ಬೇವಿನ ಸೊಪ್ಪಿನ ಜೊತೆ ಹಾಕುವ ಇನ್ನೊಂದು ಸೊಪ್ಪಿನ ಹೆಸರೂ ಆಗಲೇ.

2021ರ ಮೇ 10ಕ್ಕೆ ಮತ್ತೆ ಎಲ್ಲ ಬಂದ್ ಆಯಿತು. ಅಂಗಡಿ ಬೆಳಗ್ಗೆ 10ರವರೆಗೆ ಮಾತ್ರ. ಈ ಸಲ ನಾನು ಓಲೆ ಅಡವಿಡಲಿಲ್ಲ, ಯಾರ ಹತ್ತಿರವೂ ಕೈಚಾಚಲಿಲ್ಲ. ಡ್ರಮ್ಮುಗಳಲ್ಲಿ ರಾಗಿ ಇತ್ತು, ಎರಡನೇ ದಿನವೇ ಅಳೆಯಲು ಕೂತೆ. ಆ ವರ್ಷ ಅನ್ನಭಾಗ್ಯದಲ್ಲಿ ತಲೆಗೆ 2 ಕೆ.ಜಿ. ಅಕ್ಕಿ, 3 ಕೆ.ಜಿ. ರಾಗಿ ಬರುತ್ತಿತ್ತು. ಮುದ್ದೆ ತಿನ್ನದ ಮನೆಯವರು ಆ ರಾಗಿಯನ್ನೇ ತಂದು ಸಾಲ ತೀರಿಸಿದರು. ಅದರಲ್ಲಿ ಕಲ್ಲು ಜಾಸ್ತಿ, ಎರಡು ಸಲ ಜರಡಿ ಹಿಡಿಯಬೇಕಾಯಿತು.

ಮೊದಲ ಸಲ ಬೇಡ ಎಂದಿದ್ದ ಅಧ್ಯಕ್ಷೆ ಅಕ್ಕ ಈ ಸಲ ಸೇರು ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದರು.