ರಜೆಗೆ ಬಂದಾಗ ಮಿಷನ್‌ಗೆ ಕಾಣಿಕೆ ಎತ್ತುವುದು: ನನ್ನ ಅನುಭವ

ಮಿಷನ್‌ನಿಂದ, ಅಂದರೆ ದೂರದ ಊರಿನಲ್ಲಿ ಧರ್ಮಸಭೆ ನಡೆಸುವ ಸೇವಾಕೇಂದ್ರದಿಂದ, ರಜೆಗೆ ಬೆಂಗಳೂರಿಗೆ ಬಂದ ಕೂಡಲೇ ಪರಿಚಯದ ಫಾದರ್‌ಗೆ ಫೋನ್ ಹಚ್ಚಿ, 'ಈ ಭಾನುವಾರ ಚರ್ಚಿನಲ್ಲಿ ಪೂಜೆ ಆದಮೇಲೆ ಎರಡು ಮಾತಾಡಲಾ?' ಅಂತ ಕೇಳಿಬಿಡುವುದು ಸುಲಭ. ಆದರೆ ಹಾಗೆ ಕಾಣಿಕೆ ಕೇಳಲು ಕಥೋಲಿಕ ಧರ್ಮಸಭೆಯ ಕಾನೂನಿನ 1265ನೇ ವಿಧಿಯ ಪ್ರಕಾರ ಎರಡು ಕಡೆಯ ಲಿಖಿತ ಅನುಮತಿ ಬೇಕು: ನಮ್ಮ ಮೇಲಧಿಕಾರಿಯದು ಒಂದು, ಸ್ಥಳೀಯ ಬಿಷಪ್, ಅಂದರೆ ಧರ್ಮಾಧ್ಯಕ್ಷರದು ಇನ್ನೊಂದು. ನಾನು ಊರಿಗೆ ಟಿಕೆಟ್ ಮಾಡಿಸುವ ದಿನವೇ ಮಿಲ್ಲರ್ಸ್ ರಸ್ತೆಯ ಮಹಾಧರ್ಮಾಧ್ಯಕ್ಷರ ನಿವಾಸಕ್ಕೆ ಅರ್ಜಿ ಕಳಿಸುತ್ತೇನೆ. ಪತ್ರ ಕೈಗೆ ಬಂದಮೇಲೆಯೇ ಧರ್ಮಕೇಂದ್ರದ (ಆಯಾ ಪ್ರದೇಶದ ಚರ್ಚಿನ) ಗುರುಗಳಲ್ಲಿ ದಿನ ಕೇಳುವುದು.

ದಿನ ಆರಿಸುವುದರಲ್ಲೂ ಲೆಕ್ಕವಿದೆ. ಅಕ್ಟೋಬರ್‌ನ ಕೊನೆಯಿಂದ ಎರಡನೇ ಭಾನುವಾರ ಬೇಡ. 1926ರಲ್ಲಿ ಹನ್ನೊಂದನೇ ಪಯಸ್ ಜಗದ್ಗುರುಗಳು (ಪೋಪ್) ಶುರುಮಾಡಿದ ವಿಶ್ವ ಮಿಷನ್ ಭಾನುವಾರ ಅದು. ಅವತ್ತಿನ ಕಾಣಿಕೆ ರೋಮ್ ಮೂಲಕ ಹಂಚಿಕೆಯಾಗುತ್ತದೆ, ಅದರಲ್ಲಿ ನಮ್ಮ ಪಾಲು ಕೇಳುವಂತಿಲ್ಲ. ಸೆಪ್ಟೆಂಬರ್ 8ರ ಮರಿಯ ಮಾತೆಯ ಹಬ್ಬದ ಹಿಂದಿನ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ದಿನಗಳಲ್ಲಿ ಜನರ ಮನಸ್ಸೆಲ್ಲ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಕಡೆ. ಮೇ, ಜೂನ್ ಸ್ಕೂಲ್ ಫೀಸಿನ ಕಾಲ. ಜುಲೈ ಒಳ್ಳೆಯದು. ಅಸ್ಸಾಂ ಕಡೆಗೆ ಕಂಬಳಿ ಕಳಿಸುವುದಿದ್ದರೆ ಚಳಿಗೆ ಮುಂಚೆ ತಲುಪಲೂ ಅದೇ ಸಮಯ.

ಏನು ಬೇಕು ಅನ್ನುವುದನ್ನು ಒಂದು ಮನೆ ಕೊಡಬಹುದಾದ ಅಳತೆಗೆ ಇಳಿಸಬೇಕು. 'ಬಡ ಮಕ್ಕಳಿಗೆ ಸಹಾಯ ಮಾಡಿ' ಅಂದರೆ ತಟ್ಟೆಗೆ ಹತ್ತರ ನೋಟು ಬೀಳುತ್ತದೆ. ನನ್ನ ಲೆಕ್ಕ ಹೀಗೆ: ಹಾಸ್ಟೆಲ್‌ನಲ್ಲಿ 40 ಮಕ್ಕಳು, ಒಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿ, ಅಂದರೆ ತಿಂಗಳಿಗೆ 480 ಕೆಜಿ. 25 ಕೆಜಿ ಮೂಟೆಯಲ್ಲಿ ಎಣಿಸಿದರೆ ಹೆಚ್ಚುಕಡಿಮೆ 20 ಮೂಟೆ, ಹತ್ತು ತಿಂಗಳಿಗೆ 200. ಕೆಜಿಗೆ 45 ರೂಪಾಯಿ ಹಿಡಿದರೆ ಮೂಟೆಗೆ 1,125. 'ಒಂದು ಮೂಟೆ, 1,125 ರೂಪಾಯಿ' ಎಂಬ ಸಾಲನ್ನು ಜನರಿಗೆ ಹಂಚುವ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಅರ್ಧ ಮೂಟೆ ಅಂತಲೂ ಇರಲಿ, ಕೊಡುವವರು ಜಾಸ್ತಿಯಾಗುತ್ತಾರೆ. ದರ ಮಾತ್ರ ಮಿಷನ್ ಊರಿನದ್ದಾಗಿರಬೇಕು, ಬೆಂಗಳೂರಿನದ್ದಲ್ಲ. ಮಕ್ಕಳ ಮುಖದ ಫೋಟೋ ಹಾಕಬೇಡಿ, ಅಡುಗೆಮನೆಯ ಹಂಡೆಯ ಫೋಟೋ ಸಾಕು.

ಮಾತು ನಾಲ್ಕು ನಿಮಿಷ, ಪೂಜೆಯಲ್ಲಿ ಹಂಚುವ ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ. ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಬರುವವರು ಬೇರೆ ಬೇರೆ. ಕನ್ನಡ ಪೂಜೆಯಲ್ಲಿ ಇಂಗ್ಲಿಷ್ ಚೀಟಿ ಹಂಚಿದರೆ ಅದು ಬೆಂಚಿನ ಮೇಲೇ ಉಳಿಯುತ್ತದೆ.

ಬಂದ ಹಣವನ್ನು ನಾನು ಒಬ್ಬನೇ ಮುಟ್ಟುವುದಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಯ ಇಬ್ಬರು ಕೂತು ಎಣಿಸುತ್ತಾರೆ. 500 ಎಷ್ಟು, 200 ಎಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಮೂವರ ಸಹಿ, ಸೋಮವಾರ ಬ್ಯಾಂಕಿಗೆ. ಕೆಲವು ಲಕೋಟೆಗಳ ಮೇಲೆ ಮೃತರ ಹೆಸರು ಬರೆದಿರುತ್ತದೆ. ಅದು ಆ ಮೃತರಿಗಾಗಿ ಪೂಜೆ ಅರ್ಪಿಸಲು ಕೊಟ್ಟದ್ದು, ಅಕ್ಕಿ ಲೆಕ್ಕಕ್ಕೆ ಸೇರಿಸಬಾರದು. ಒಂದೊಂದಕ್ಕೂ ಪ್ರತ್ಯೇಕ ಪೂಜೆ ಸಲ್ಲಬೇಕು.

ಎಡವಟ್ಟು ಹೆಚ್ಚಾಗಿ ಆಗುವುದು ಕ್ಯೂಆರ್ ಕೋಡ್‌ನಲ್ಲಿ. ಅವಸರಕ್ಕೆ ಸ್ವಂತ ಫೋನ್‌ಪೇ ತೋರಿಸಿದರೆ ಹಣ ನಮ್ಮ ಖಾತೆಗೆ ಬಿತ್ತು, ರಸೀದಿ ಕೊಡುವಂತಿಲ್ಲ. ಮಿಷನ್ ಟ್ರಸ್ಟ್‌ನ ಕೋಡ್ ಮಾತ್ರ ಇಡಿ, ಸ್ಕ್ಯಾನ್ ಮಾಡಿದಾಗ ಟ್ರಸ್ಟ್ ಹೆಸರು ಬರುತ್ತದೆಯೇ ಎಂದು ಹಿಂದಿನ ದಿನವೇ ಒಂದು ರೂಪಾಯಿ ಹಾಕಿ ನೋಡಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಕೇಳುವವರ ಪ್ಯಾನ್ ಸಂಖ್ಯೆಯನ್ನು ಅಲ್ಲೇ ಓದಿಸಿ ತಾಳೆ ನೋಡಿ. 2,000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಇಲ್ಲ, ಅಕ್ಕಿ ಮೂಟೆಯನ್ನೇ ತಂದುಕೊಟ್ಟರೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮಾರ್ಚ್‌ನಲ್ಲಿ ಫೋನ್ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಮಕ್ಕಳು ವಿದೇಶದಲ್ಲಿರುವ ಕುಟುಂಬಗಳು ಬಹಳ. ಭಾರತದ ಪಾಸ್‌ಪೋರ್ಟ್ ಇರುವ ಮಗ ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದು ಪಾಸ್‌ಪೋರ್ಟ್ ಬದಲಾಗಿ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೆ, ರೂಪಾಯಿಯಲ್ಲೇ ಕೊಟ್ಟರೂ ವಿದೇಶಿಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಯ ದೆಹಲಿ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಅದು ಬರಬೇಕು. 2020ರ ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ.

ಸಾಮಾನು ಕೇಳುವುದಾದರೆ ಏನು ಬೇಡ ಎಂಬ ಪಟ್ಟಿಯೇ ಉದ್ದವಾಗಿರಲಿ: ಹಳೆ ಸೀರೆ, ಅರ್ಧ ಬರೆದ ನೋಟ್‌ಬುಕ್, ಸಿರಪ್ ಬಾಟಲಿ. ಸಿರಪ್ ಒಂದು ಒಡೆದರೂ ಇಡೀ ಮೂಟೆಯ ಕಂಬಳಿ ಅಂಟಂಟು. ಗುವಾಹಟಿ ರೈಲು ಹೊರಡುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಒಬ್ಬ ಎತ್ತುವಷ್ಟು, 25-30 ಕೆಜಿಗೆ ಒಂದರಂತೆ ಮೂಟೆ ಕಟ್ಟಿ. ಒಳಗೆ ಪ್ಲಾಸ್ಟಿಕ್ ಹಾಳೆ, ಹೊರಗೆ ಗೋಣಿ, ದಬ್ಬಳದಲ್ಲಿ ಹೊಲಿಗೆ. ವಿಳಾಸವನ್ನು ಪೇಂಟ್‌ನಲ್ಲಿ ಎರಡು ಮಗ್ಗುಲಿಗೂ ಬರೆಯಿರಿ, ಮಾರ್ಕರ್ ಮಳೆಗೆ ನಿಲ್ಲದು. ಆ ಕಡೆ ಬಿಡಿಸಿಕೊಳ್ಳುವವರಿಗೆ ಪಾರ್ಸೆಲ್ ರಸೀದಿ ಮೊದಲೇ ಮುಟ್ಟಿರಬೇಕು. ತಡವಾದಷ್ಟೂ ನಿಲುಗಡೆ ಶುಲ್ಕ ಏರುತ್ತದೆ, ಅಗ್ಗದ ಕಂಬಳಿಗೆ ಅದೇ ದುಬಾರಿ.

ಅಕ್ಕಿಗೆಂದು ಬಂದದ್ದು ಮಿಕ್ಕರೆ ಮುಂದಿನ ವರ್ಷದ ಅಕ್ಕಿಗೇ. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು ಎನ್ನುತ್ತದೆ 1267ನೇ ವಿಧಿ, ಅದರಲ್ಲಿ ಬೋರ್‌ವೆಲ್ ಮೋಟಾರ್ ಕಟ್ಟಿಸುವಂತಿಲ್ಲ. ಹಾಗಾಗಿ ಚೀಟಿಯಲ್ಲಿ ಬರೀ 'ಅಕ್ಕಿಗೆ' ಅಂತ ಬೇಡ, 'ಅಕ್ಕಿ ಮತ್ತು ಹಾಸ್ಟೆಲ್ ಖರ್ಚಿಗೆ' ಎಂದೇ ಅಚ್ಚು ಹಾಕಿಸಿ.